ಫುಲ್‌ರೇಂಜ್ ಸಿಂಗಲ್ ಡ್ರೈವರ್ ಸ್ಪೀಕರ್: 4 ಇಂಚೋ, 8 ಇಂಚೋ?

ಸುಮ್ನೆಕೇಳ್ತೀನಿ:

ಎಲ್ಲರಿಗೂ ನಮಸ್ಕಾರ. ಕ್ರಾಸ್‌ಓವರ್ (ಬೇಸ್, ಟ್ರೆಬಲ್ ಬೇರ್ಪಡಿಸಿ ಬೇರೆ ಬೇರೆ ಡ್ರೈವರಿಗೆ ಕಳಿಸುವ ಸರ್ಕ್ಯೂಟ್) ಇಲ್ಲದ, ಒಂದೊಂದೇ ಡ್ರೈವರಿನ (ಕೋನ್, ಅಯಸ್ಕಾಂತ ಸೇರಿ ಶಬ್ದ ಹೊರಡಿಸುವ ಭಾಗ) ಜೋಡಿ ಸ್ಪೀಕರ್ ಕಟ್ಟುವ ಯೋಚನೆ ಇದೆ. ವಿವರ ಹೀಗಿದೆ.

ಕೋಣೆ 4.2 ಮೀಟರ್ × 3.5 ಮೀಟರ್. ಸ್ಪೀಕರಿನಿಂದ ಸೋಫಾಕ್ಕೆ 2.5 ಮೀಟರ್, ಕೂತು ಕೇಳುವವರು ಇಬ್ಬರು. ಆಂಪ್ಲಿಫೈಯರ್ ಎರಡಿವೆ: ಒಂದು 8 ವ್ಯಾಟಿನ ಸಿಂಗಲ್ ಎಂಡೆಡ್ ವಾಲ್ವ್, ಅದರ ಔಟ್‌ಪುಟ್ ಇಂಪೀಡೆನ್ಸ್ ಸುಮಾರು 3 ಓಮ್. ಇನ್ನೊಂದು 50 ವ್ಯಾಟಿನ ಕ್ಲಾಸ್ ಡಿ. ಕೇಳುವುದು ಹೆಚ್ಚಾಗಿ ಹಾಡುಗಾರಿಕೆ, ತಂತಿವಾದ್ಯ, ಸಣ್ಣ ವಾದ್ಯಗೋಷ್ಠಿ. ಅಪರೂಪಕ್ಕೆ ದೊಡ್ಡ ಆರ್ಕೆಸ್ಟ್ರಾ.

ಮನಸ್ಸು 8 ಇಂಚಿನ ಫಾಸ್ಟೆಕ್ಸ್ ಎಫ್‌ಇ206 ಕಡೆಗಿದೆ. 96 ಡಿಬಿ ಸೆನ್ಸಿಟಿವಿಟಿ (1 ವ್ಯಾಟಿಗೆ 1 ಮೀಟರ್ ದೂರದಲ್ಲಿ ಸಿಗುವ ಮಟ್ಟ) ಇರುವುದರಿಂದ 8 ವ್ಯಾಟ್ ಧಾರಾಳ ಅನ್ನಿಸುತ್ತದೆ. 8 ಇಂಚು ಅಂದಮೇಲೆ ಬೇಸ್ ಕೂಡ ಬರುತ್ತದಲ್ಲ? ಸುಮಾರು 20 ಲೀಟರ್ ಪೆಟ್ಟಿಗೆಯಲ್ಲಿ ಕೂರಿಸಿದರೆ ಸಾಕೇ, ಅಥವಾ 4 ಇಂಚಿನ ಡ್ರೈವರ್ ನೋಡಬೇಕೇ?

ಮಂದ್ರಸ್ಥಾಯಿ:

8 ಇಂಚು ಅಂದಮೇಲೆ ಬೇಸ್ ಬಂದೇ ಬರುತ್ತದೆ ಅನ್ನುವ ಲೆಕ್ಕ ಇಲ್ಲಿ ಕೈಕೊಡುತ್ತದೆ. ನೋಡಬೇಕಾದ್ದು ಇಂಚಲ್ಲ, ಕ್ಯೂಟಿಎಸ್, ಅಂದರೆ ಕೋನಿನ ಅನುರಣನಕ್ಕೆ ಎಷ್ಟು ಹಿಡಿತವಿದೆ ಅನ್ನುವ ಸಂಖ್ಯೆ; ಅದು ಕಡಿಮೆಯಾದಷ್ಟೂ ಹಿಡಿತ ಹೆಚ್ಚು.

ಎಫ್‌ಇ206 ಜಾತಿಯ ಡ್ರೈವರಿಗೆ ಅಯಸ್ಕಾಂತ ಭಾರಿ, ಕೋನ್ ಹಗುರ. ಎಫ್‌ಎಸ್ (ಪೆಟ್ಟಿಗೆಯಿಲ್ಲದೆ ಡ್ರೈವರಿನ ಸಹಜ ಅನುರಣನ) ಸುಮಾರು 45 ಹರ್ಟ್ಸ್, ಕ್ಯೂಟಿಎಸ್ ಸುಮಾರು 0.2. ಮುಚ್ಚಿದ ಪೆಟ್ಟಿಗೆಯಲ್ಲಿ ಒಂದು ಸರಳ ಸೂತ್ರವಿದೆ: ಪೆಟ್ಟಿಗೆಯೊಳಗಿನ ಅನುರಣನವನ್ನು ಪೆಟ್ಟಿಗೆಯ ಕ್ಯೂನಿಂದ ಭಾಗಿಸಿದರೆ ಬರುವ ಸಂಖ್ಯೆಯೂ ಎಫ್‌ಎಸ್ ಅನ್ನು ಕ್ಯೂಟಿಎಸ್‌ನಿಂದ ಭಾಗಿಸಿದರೆ ಬರುವ ಸಂಖ್ಯೆಯೂ ಒಂದೇ. ಪೆಟ್ಟಿಗೆಯ ಕ್ಯೂ 0.707 ಬೇಕೆಂದರೆ 45 × 0.707 ÷ 0.2 = 159 ಹರ್ಟ್ಸ್. ಅಂದರೆ 8 ಇಂಚಿನ ಡ್ರೈವರ್ 159 ಹರ್ಟ್ಸ್‌ನಿಂದಲೇ ಇಳಿಯತೊಡಗುತ್ತದೆ. ಪೆಟ್ಟಿಗೆ ದೊಡ್ಡದು ಮಾಡಿದರೆ ಸರಿಹೋದೀತೇ? ಇಲ್ಲ. ಪೆಟ್ಟಿಗೆ ಎಷ್ಟೇ ದೊಡ್ಡದಾದರೂ ಎಫ್‌ಎಸ್‌ನಲ್ಲಿ ಮಟ್ಟ 20 × ಲಾಗ್(0.2), ಅಂದರೆ 14 ಡಿಬಿ ಕೆಳಗೆ. 96 ಡಿಬಿ ಸಿಗುವುದು ಮಧ್ಯದ ಶ್ರುತಿಗೆ ಮಾತ್ರ. ಅದಕ್ಕೇ ಇಂಥ ಡ್ರೈವರನ್ನು 20 ಲೀಟರ್ ಪೆಟ್ಟಿಗೆಗೆ ಹಾಕಿದವರೆಲ್ಲ "ಕಿರುಚುತ್ತದೆ, ತಳವೇ ಇಲ್ಲ" ಅನ್ನುವುದು. ಡ್ರೈವರಿನ ತಪ್ಪಲ್ಲ, ಅದು ಹುಟ್ಟಿರುವುದೇ ಬ್ಯಾಕ್‌ಲೋಡೆಡ್ ಹಾರ್ನ್‌ಗೆ (ಕೋನಿನ ಬೆನ್ನಿನ ಶಬ್ದವನ್ನು ಅಗಲವಾಗುವ ಕಹಳೆಯ ಮೂಲಕ ಹೊರತರುವ ಪೆಟ್ಟಿಗೆ).

ಸ್ಥೂಲವಾಗಿ ಹೇಳುವುದಾದರೆ, ಕ್ಯೂಟಿಎಸ್ 0.3ಕ್ಕಿಂತ ಕಡಿಮೆಯಿದ್ದರೆ ಹಾರ್ನ್. 0.3ರಿಂದ 0.45ರ ನಡುವೆ ಬೇಸ್ ರಿಫ್ಲೆಕ್ಸ್ (ಟ್ಯೂನ್ ಮಾಡಿದ ಪೈಪ್ ಇರುವ ಪೆಟ್ಟಿಗೆ) ಅಥವಾ ಟ್ಯೂನ್ ಮಾಡಿದ ಟ್ರಾನ್ಸ್‌ಮಿಷನ್ ಲೈನ್ (ಉದ್ದ ಕೊಳವೆಯಂಥ ಪೆಟ್ಟಿಗೆ). 0.6 ದಾಟಿದರೆ ಓಪನ್ ಬ್ಯಾಫಲ್. ವಿಸಾಟನ್ ಬಿ200ಯಂಥ ಡ್ರೈವರನ್ನು ಜನ ಹಲಗೆಗೆ ಬಿಗಿದು ಬಳಸುವುದು ಇದೇ ಕಾರಣಕ್ಕೆ.

ಎರಡನೆಯ ಲೆಕ್ಕ, ಎಷ್ಟು ಗಾಳಿ ತಳ್ಳುತ್ತದೆ ಅನ್ನುವುದು. ಕೋನಿನ ವಿಸ್ತೀರ್ಣವನ್ನು ಎಕ್ಸ್‌ಮ್ಯಾಕ್ಸ್‌ನಿಂದ (ಕೋನ್ ಒಂದು ಕಡೆಗೆ ಸರಿಯಾಗಿ ಓಡಾಡಬಲ್ಲ ದೂರ) ಗುಣಿಸಿ. ಮುಚ್ಚಿದ ಪೆಟ್ಟಿಗೆಯಲ್ಲಿ, 50 ಹರ್ಟ್ಸ್‌ಗೆ, 1 ಮೀಟರ್ ದೂರದಲ್ಲಿ ಒಂದು ಡ್ರೈವರ್ ಕೊಡಬಲ್ಲ ಗರಿಷ್ಠ ಮಟ್ಟ ಹೀಗೆ ಬರುತ್ತದೆ:

3 ಇಂಚು (30 ಚದರ ಸೆಂ.ಮೀ., 3 ಮಿ.ಮೀ.): ಸುಮಾರು 76 ಡಿಬಿ
4 ಇಂಚು (50 ಚದರ ಸೆಂ.ಮೀ., 4 ಮಿ.ಮೀ.): ಸುಮಾರು 82 ಡಿಬಿ
8 ಇಂಚು (210 ಚದರ ಸೆಂ.ಮೀ., 1.5 ಮಿ.ಮೀ.): ಸುಮಾರು 86 ಡಿಬಿ

4 ಇಂಚಿಗೂ 8 ಇಂಚಿಗೂ ಇರುವ ಅಂತರ ಬರೀ 4 ಡಿಬಿ, ಯಾಕೆಂದರೆ ಆ ದೊಡ್ಡ ಕೋನ್ ಒಂದೂವರೆ ಮಿಲಿಮೀಟರ್ ಮಾತ್ರ ಓಡಾಡುತ್ತದೆ. ಒಂದು ಆಕ್ಟೇವ್ ಮೇಲೆ ಹೋದರೆ, ಅಂದರೆ 100 ಹರ್ಟ್ಸ್‌ನಲ್ಲಿ, ಮೂರಕ್ಕೂ 12 ಡಿಬಿ ಸೇರಿಸಿಕೊಳ್ಳಿ. 3 ಇಂಚು ನಿಮ್ಮ ಕೋಣೆಗೆ ಸಾಲದು. ಮೇಜಿನ ಮೇಲಿಟ್ಟು ಹತ್ತಿರ ಕೂತು ಕೇಳುವವರಿಗೆ ಅದು.

ನನ್ನ ಮತ: ಎಫ್‌ಎಸ್ 70 ಹರ್ಟ್ಸ್, ಕ್ಯೂಟಿಎಸ್ 0.4, ವಿಎಎಸ್ (ಡ್ರೈವರಿನ ಸಸ್ಪೆನ್ಷನ್ನಿನಷ್ಟೇ ಸ್ಪ್ರಿಂಗ್‌ತನವಿರುವ ಗಾಳಿಯ ಗಾತ್ರ) 8 ಲೀಟರ್ ಆಸುಪಾಸಿನ 4 ಇಂಚಿನ ಡ್ರೈವರ್ ಹುಡುಕಿ. ಮಾರ್ಕ್‌ಆಡಿಯೊ ಕಡೆ ಇಂಥವು ಸಿಗುತ್ತವೆ. 8 ಲೀಟರ್ ರಿಫ್ಲೆಕ್ಸ್ ಪೆಟ್ಟಿಗೆಯನ್ನು 70 ಹರ್ಟ್ಸ್‌ಗೆ ಟ್ಯೂನ್ ಮಾಡಿದರೆ 70ರವರೆಗೆ ಗಟ್ಟಿಯಾಗಿ ಬರುತ್ತದೆ. 4 ಸೆಂ.ಮೀ. ಒಳವ್ಯಾಸದ ಪೈಪಾದರೆ ಉದ್ದ ಸುಮಾರು 6.7 ಸೆಂ.ಮೀ. ಮೊದಲು 8 ಸೆಂ.ಮೀ. ಕತ್ತರಿಸಿ, ಅಳೆದು ಅಳೆದು ಕಡಿಮೆ ಮಾಡಿ. ಕತ್ತರಿಸಿದ್ದನ್ನು ಮತ್ತೆ ಸೇರಿಸಲಾಗದು.

ತಂತಿಬೆಸುಗೆ:

ಮೇಲಿನದ್ದಕ್ಕೆ ಎರಡು ಸೇರಿಸುತ್ತೇನೆ. ಮೊದಲನೆಯದು ಸೋಫಾದಲ್ಲಿ ಇಬ್ಬರು ಅಂದಿರಲ್ಲ, ಅದು. ಧ್ವನಿಯ ತರಂಗಾಂತರ ಕೋನಿನ ವ್ಯಾಸಕ್ಕಿಂತ ಚಿಕ್ಕದಾದಂತೆ ಶಬ್ದ ಟಾರ್ಚ್ ಬೆಳಕಿನಂತೆ ನೇರಕ್ಕೆ ಮಾತ್ರ ಹೋಗುತ್ತದೆ. 8 ಇಂಚಿನ ಕೋನಿನ ಪರಿಣಾಮಕಾರಿ ವ್ಯಾಸ 16 ಸೆಂ.ಮೀ.; 344 ÷ 0.16 = 2150 ಹರ್ಟ್ಸ್. 4 ಇಂಚಿನದು 8 ಸೆಂ.ಮೀ.; ಅಲ್ಲಿಗೆ 4300 ಹರ್ಟ್ಸ್. ದೊಡ್ಡ ಡ್ರೈವರುಗಳ ನಡುವೆ ಪುಟ್ಟ ವಿಝರ್ ಕೋನ್ ಅಂಟಿಸಿರುತ್ತಾರೆ. ಅದು ಮೇಲಿನ ಶ್ರುತಿ ತರುತ್ತದೆ ನಿಜ, ಆದರೆ ದೊಡ್ಡ ಕೋನಿನಿಂದ ಅದಕ್ಕೆ ಕೆಲಸ ಹಸ್ತಾಂತರವಾಗುವ ಜಾಗದಲ್ಲಿ ಏರಿಳಿತ ತಪ್ಪಿದ್ದಲ್ಲ. ಒಬ್ಬರೇ ತಲೆ ಅಲ್ಲಾಡಿಸದೆ ಕೂತು ಕೇಳುವುದಾದರೆ 8 ಇಂಚು ಅದ್ಭುತ. ಪಕ್ಕದವರಿಗೆ ಬೇರೆಯೇ ಸ್ಪೀಕರ್ ಕೇಳಿಸುತ್ತದೆ.

ಎರಡನೆಯದು ಬ್ಯಾಫಲ್ ಸ್ಟೆಪ್. ಸಿಂಗಲ್ ಡ್ರೈವರ್ ಸ್ಪೀಕರ್ "ತೆಳು" ಅನ್ನಿಸುವುದಕ್ಕೆ ನೂರಕ್ಕೆ ತೊಂಬತ್ತು ಸಲ ಇದೇ ಕಾರಣ, ಡ್ರೈವರ್ ಅಲ್ಲ. ಮೇಲಿನ ಶ್ರುತಿಗಳನ್ನು ಮುಂದಿನ ಹಲಗೆ ಮುಂದಕ್ಕೆ ದೂಡುತ್ತದೆ. ಕೆಳಗಿನ ಶ್ರುತಿಗಳು ಪೆಟ್ಟಿಗೆಯನ್ನು ಸುತ್ತಿಕೊಂಡು ಹಿಂದಕ್ಕೂ ಹರಡುತ್ತವೆ. ತಿರುವು ಎಲ್ಲಿ ಅಂದರೆ, 115 ಅನ್ನು ಮೀಟರಿನಲ್ಲಿ ಹೇಳಿದ ಹಲಗೆಯ ಅಗಲದಿಂದ ಭಾಗಿಸಿ. 20 ಸೆಂ.ಮೀ. ಹಲಗೆಗೆ 575 ಹರ್ಟ್ಸ್. ಪುಸ್ತಕದ ಲೆಕ್ಕದಲ್ಲಿ ಕೆಳಗೆ 6 ಡಿಬಿ ನಷ್ಟ, ಕೋಣೆಯೊಳಗೆ ಗೋಡೆಗಳು ಸ್ವಲ್ಪ ಹಿಂತಿರುಗಿಸುವುದರಿಂದ 3ರಿಂದ 4 ಡಿಬಿ ಸರಿಪಡಿಸಿದರೆ ಸಾಕು.

ಪರಿಹಾರ: ಡ್ರೈವರಿನ ಪಾಸಿಟಿವ್ ತಂತಿಗೆ ಸರಣಿಯಾಗಿ ಒಂದು ಕಾಯಿಲ್, ಆ ಕಾಯಿಲಿಗೆ ಸಮಾಂತರವಾಗಿ ಒಂದು ರೆಸಿಸ್ಟರ್. ರೆಸಿಸ್ಟರ್ ಬೆಲೆ = ಡ್ರೈವರ್ ಇಂಪೀಡೆನ್ಸ್ × (10ರ ಘಾತ ಡಿಬಿ/20, ಅದರಲ್ಲಿ 1 ಕಳೆದು). 8 ಓಮ್, 4 ಡಿಬಿಗೆ 8 × 0.585 = 4.7 ಓಮ್, 10 ವ್ಯಾಟ್. 3 ಡಿಬಿ ಸಾಕಾದರೆ 3.3 ಓಮ್. ಕಾಯಿಲ್ ಸುಮಾರು 1 ಮಿಲಿಹೆನ್ರಿ, ಏರ್ ಕೋರ್, ತಂತಿ ದಪ್ಪಗಿರಲಿ. ತೆಳು ತಂತಿಯಾದರೆ ಅದರದೇ ರೆಸಿಸ್ಟೆನ್ಸ್ ಬೇಸನ್ನು ಸಡಿಲ ಮಾಡುತ್ತದೆ. ಇದು ಬೇಸ್ ಹೆಚ್ಚಿಸುವುದಿಲ್ಲ, ಮೇಲಿನದ್ದನ್ನು ತಗ್ಗಿಸುತ್ತದೆ. ಹಾಗಾಗಿ 87 ಡಿಬಿ ಡ್ರೈವರ್ ಆಮೇಲೆ 83 ಡಿಬಿ ಅಂತಲೇ ತಿಳಿಯಿರಿ. 8 ವ್ಯಾಟ್ ಅಂದರೆ 9 ಡಿಬಿ. 1 ಮೀಟರಿನಲ್ಲಿ 92, 2.5 ಮೀಟರಿಗೆ 8 ಕಳೆದು ಎರಡು ಸ್ಪೀಕರಿಗೆ 3 ಕೂಡಿದರೆ 87 ಡಿಬಿ ಶಿಖರ. ಹಾಡುಗಾರಿಕೆಗೆ ಸಾಕು. ಆರ್ಕೆಸ್ಟ್ರಾಕ್ಕೆ ಸಾಲದು, ಕ್ಲಾಸ್ ಡಿ ಹಾಕಿ.

ಏಕಕೋನ್:

ಸಿಂಗಲ್ ಡ್ರೈವರ್ ಕಟ್ಟುವುದೇ ನಡುವೆ ಏನೂ ಇರಬಾರದು ಅಂತ. ಅಲ್ಲಿ 4.7 ಓಮ್ ಹಾಕಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಶಕ್ತಿಯನ್ನು ಬಿಸಿ ಮಾಡಿ ಬಿಸಾಡುವುದಾದರೆ ಎರಡು ಡ್ರೈವರ್, ಒಂದು ಕ್ರಾಸ್‌ಓವರ್ ಸಾಕಲ್ಲ? ಸ್ಪೀಕರನ್ನು ಗೋಡೆಯ ಹತ್ತಿರ ಸರಿಸಿ. ಗೋಡೆಯೇ ಬೇಸ್ ತುಂಬಿಕೊಡುತ್ತದೆ, ಖರ್ಚಿಲ್ಲ, ನಷ್ಟವಿಲ್ಲ. ಕಿರುಚಾಟವಿದ್ದರೆ ಸ್ಪೀಕರನ್ನು ಕಿವಿಗೆ ನೇರ ಗುರಿಯಿಡಬೇಡಿ. ಎರಡರ ಗುರಿರೇಖೆಗಳೂ ನಿಮ್ಮ ಮುಂದೆಯೇ ಒಂದನ್ನೊಂದು ದಾಟುವಂತೆ ಒಳಕ್ಕೆ ತಿರುಗಿಸಿದರೆ ನೀವು 10ರಿಂದ 15 ಡಿಗ್ರಿ ಓರೆಯಲ್ಲಿರುತ್ತೀರಿ, ಮೇಲಿನ ಶ್ರುತಿ ತಾನಾಗಿ ತಗ್ಗುತ್ತದೆ. ಇಬ್ಬರು ಕೂರುವ ಸಮಸ್ಯೆಗೂ ಇದೇ ಮದ್ದು: ಎಡಕ್ಕೆ ಕೂತವರಿಗೆ ದೂರದ ಸ್ಪೀಕರ್ ಹೆಚ್ಚು ನೇರವಾಗಿ ಬರುವುದರಿಂದ ಸಮತೋಲ ಪೂರ್ತಿ ಕೆಡುವುದಿಲ್ಲ.

ತಂತಿಬೆಸುಗೆ:

ಓರೆ ಇಡುವ ಮಾತು ಪೂರ್ತಿ ಒಪ್ಪಿದೆ. ಗೋಡೆಯ ಮಾತು ಅರ್ಧ ಮಾತ್ರ. ಕೋನಿನಿಂದ ಹಿಂದಿನ ಗೋಡೆಗೆ 60 ಸೆಂ.ಮೀ. ಇದ್ದರೆ ಪ್ರತಿಫಲಿಸಿ ಬಂದ ಅಲೆ 344 ÷ (4 × 0.6) = 143 ಹರ್ಟ್ಸ್‌ನಲ್ಲಿ ಎದುರಾಗಿ ಕುಳಿ ತೋಡುತ್ತದೆ. 30 ಸೆಂ.ಮೀ.ಗೆ ಸರಿಸಿದರೆ ಕುಳಿ 287ಕ್ಕೆ ಹೋಗುತ್ತದೆ, ಅಂದರೆ ಸರಿಯಾಗಿ ಹಾಡುವವರ ಗಂಟಲಿನ ಮಧ್ಯಕ್ಕೆ. ಗೋಡೆಗೇ ತಾಗಿಸಿ ತೆಳುವಾದ ಪೆಟ್ಟಿಗೆ ಇಡುವುದಾದರೆ ನಿಮ್ಮ ಮಾತು ನಿಜ. ಆಗ ಸರ್ಕ್ಯೂಟ್ ಬೇಡ ಅಥವಾ 2 ಡಿಬಿ ಸಾಕು. ಪೆಟ್ಟಿಗೆ ಮುಂದೆ ಬಂದಷ್ಟೂ ಸರ್ಕ್ಯೂಟ್ ಬೇಕಾಗುತ್ತದೆ. "ಏನೂ ಇರಬಾರದು" ಅನ್ನುವುದು ಕಿವಿಗೆ ಹಿತವಾದ ಸಿದ್ಧಾಂತ, ಆದರೆ ಹಲಗೆ, ಗೋಡೆ, ವಾಲ್ವ್‌ನ 3 ಓಮ್ ಎಲ್ಲವೂ ಅಲ್ಲಿ ಇದ್ದೇ ಇವೆಯಲ್ಲ.

ರೆಸಿಸ್ಟರ್ ಕಂಡರಾಗದವರಿಗೆ ಇನ್ನೊಂದು ದಾರಿ: ಸಿಗ್ನಲ್ ಕಂಪ್ಯೂಟರಿನಿಂದಲೋ ಸ್ಟ್ರೀಮರಿನಿಂದಲೋ ಬರುವುದಾದರೆ ಇದೇ 4 ಡಿಬಿಯನ್ನು ಅಲ್ಲೇ ಈಕ್ವಲೈಸರಿನ ಶೆಲ್ಫ್ ಫಿಲ್ಟರ್‌ನಲ್ಲಿ (ಒಂದು ಶ್ರುತಿಯಿಂದ ಮೇಲಿನದ್ದನ್ನೆಲ್ಲ ಒಂದೇ ಸಮ ತಗ್ಗಿಸುವಂಥದ್ದು) ಮಾಡಿ. ಕೋನಿಗೆ ಎರಡೂ ಒಂದೇ.

ಸುಮ್ನೆಕೇಳ್ತೀನಿ:

ತುಂಬ ಉಪಕಾರ. ಹಾಗಾದರೆ 4 ಇಂಚು ಅಂತಲೇ ಇಟ್ಟುಕೊಳ್ಳೋಣ. ಎರಡು ಅನುಮಾನ. ಮಂದ್ರಸ್ಥಾಯಿ ಸರ್ ಹೇಳಿದ 8 ಲೀಟರ್ ರಿಫ್ಲೆಕ್ಸ್ ಪೆಟ್ಟಿಗೆಗೆ ವಾಲ್ವ್ ಆಂಪ್ಲಿಫೈಯರ್ ಹಾಕಬಹುದೇ? ಮತ್ತೆ, ವಾಯ್ಟ್ ಪೈಪ್ ಅಂತ ಎತ್ತರದ ಪೆಟ್ಟಿಗೆಗಳ ಚಿತ್ರ ನೋಡಿದೆ. ಅದರಲ್ಲಿ ಬೇಸ್ ಹೆಚ್ಚು ಸಿಗುತ್ತದೆಯೇ?

ಮಂದ್ರಸ್ಥಾಯಿ:

ವಾಲ್ವ್ ಬಗ್ಗೆ ಕೇಳಿದ್ದು ಒಳ್ಳೆಯದಾಯಿತು. ಆಂಪ್ಲಿಫೈಯರಿನ ಔಟ್‌ಪುಟ್ ಇಂಪೀಡೆನ್ಸ್ ಡ್ರೈವರಿನ ಕ್ಯೂವನ್ನೇ ಬದಲಿಸುತ್ತದೆ. ಕ್ಯೂಟಿಎಸ್‌ನಲ್ಲಿ ಎರಡು ಪಾಲು: ವಿದ್ಯುತ್ ಹಿಡಿತದ್ದು ಕ್ಯೂಇಎಸ್, ಸಸ್ಪೆನ್ಷನ್ ಹಿಡಿತದ್ದು ಕ್ಯೂಎಂಎಸ್. ಹೊಸ ಕ್ಯೂಇಎಸ್ = ಹಳೆಯದು × (ಡ್ರೈವರಿನೊಳಗಿನ ವಾಯ್ಸ್ ಕಾಯಿಲ್ ರೆಸಿಸ್ಟೆನ್ಸ್ + ಆಂಪ್ಲಿಫೈಯರಿನದು) ÷ ವಾಯ್ಸ್ ಕಾಯಿಲ್ ರೆಸಿಸ್ಟೆನ್ಸ್. ನಮ್ಮ ಉದಾಹರಣೆಯ ಡ್ರೈವರಿಗೆ ಕ್ಯೂಇಎಸ್ 0.44, ಕ್ಯೂಎಂಎಸ್ 4.4, ವಾಯ್ಸ್ ಕಾಯಿಲ್ 6.5 ಓಮ್ ಅಂದುಕೊಳ್ಳಿ. 0.44 × 9.5 ÷ 6.5 = 0.64. ಒಟ್ಟು ಕ್ಯೂಟಿಎಸ್ 0.4ರಿಂದ 0.56ಕ್ಕೆ ಏರುತ್ತದೆ. 8 ಲೀಟರ್ ರಿಫ್ಲೆಕ್ಸ್ ಪೆಟ್ಟಿಗೆಯಲ್ಲಿ ಅದು 80–100 ಹರ್ಟ್ಸ್ ಹತ್ತಿರ ಗುಡ್ಡ ಎಬ್ಬಿಸುತ್ತದೆ. ಎಲ್ಲ ಹಾಡಿಗೂ ಒಂದೇ ಗುಮ್ಮೆನ್ನುವ ಬೇಸ್.

ಆದರೆ ಇದನ್ನೇ ಅನುಕೂಲಕ್ಕೆ ತಿರುಗಿಸಿಕೊಳ್ಳಬಹುದು. ವಾಲ್ವ್‌ಗೆ ಮುಚ್ಚಿದ ಪೆಟ್ಟಿಗೆ ಮಾಡಿ. ಗಾತ್ರ = ವಿಎಎಸ್ ÷ ((0.707 ÷ 0.56)ರ ವರ್ಗ − 1) = ಸುಮಾರು 13.5 ಲೀಟರ್. ಇಳಿಕೆ ಶುರು 88 ಹರ್ಟ್ಸ್‌ನಲ್ಲಿ. ಇದೇ ಡ್ರೈವರಿಗೆ ಕ್ಲಾಸ್ ಡಿ ಜೊತೆ ಮುಚ್ಚಿದ ಪೆಟ್ಟಿಗೆಯಾದರೆ 3.8 ಲೀಟರ್, 124 ಹರ್ಟ್ಸ್. ನೋಡಿ, ಡ್ರೈವರ್ ಅದೇ, ಆಂಪ್ಲಿಫೈಯರ್ ಬದಲಾಗಿದ್ದಕ್ಕೆ ಪೆಟ್ಟಿಗೆ ಮೂರೂವರೆ ಪಾಲು. ಆದ್ದರಿಂದ ಮೊದಲು ಯಾವ ಆಂಪ್ಲಿಫೈಯರ್ ಅನ್ನುವುದನ್ನು ಗಟ್ಟಿಮಾಡಿಕೊಂಡು ಆಮೇಲೆ ಹಲಗೆ ಕೊಯ್ಯಿಸಿ. ಎರಡಕ್ಕೂ ಒಂದೇ ಪೆಟ್ಟಿಗೆ ಅಂದರೆ ಎರಡೂ ಅರೆಬರೆ.

ಇನ್ನೊಂದು ಮಾತು, ವಾಲ್ವ್ ಜೊತೆ 4.7 ಓಮ್ ರೆಸಿಸ್ಟರ್ ಪೂರ್ತಿ 4 ಡಿಬಿ ಕೊಡುವುದಿಲ್ಲ. ಸರಣಿಯಲ್ಲಿ ಆಗಲೇ 3 ಓಮ್ ಇರುವುದರಿಂದ 3 ಡಿಬಿ ಚಿಲ್ಲರೆಗೆ ನಿಲ್ಲುತ್ತದೆ.

ವಾಯ್ಟ್ ಪೈಪ್: ಬ್ರಿಟನ್ನಿನ ಪಾಲ್ ವಾಯ್ಟ್ 1930ರ ದಶಕದಲ್ಲಿ ತಂದ ವಿನ್ಯಾಸ. ಒಂದು ತುದಿ ಮುಚ್ಚಿದ, ಇನ್ನೊಂದು ತುದಿಗೆ ಅಗಲವಾಗುತ್ತಾ ಹೋಗುವ ಕೊಳವೆ. ನೇರ ಕೊಳವೆಯಾದರೆ ಉದ್ದ ತರಂಗಾಂತರದ ಕಾಲುಭಾಗ; 50 ಹರ್ಟ್ಸ್‌ಗೆ 344 ÷ 200 = 1.72 ಮೀಟರ್. ಡ್ರೈವರನ್ನು ಮುಚ್ಚಿದ ತುದಿಯಿಂದ ಮೂರನೇ ಒಂದು ಭಾಗದಲ್ಲಿ ಕೂರಿಸುವುದು ವಾಡಿಕೆ. ಸುಮ್ಮನೆ ಬಂದ ವಾಡಿಕೆಯಲ್ಲ: ನೇರ ಕೊಳವೆಯಲ್ಲಿ ಮೂರು ಪಟ್ಟಿನ ಅನುರಣನದ ಒತ್ತಡ ಅಲ್ಲಿ ಸೊನ್ನೆ, ಹಾಗಾಗಿ ಡ್ರೈವರ್ ಅದನ್ನು ಎಬ್ಬಿಸಲಾರದು. ಅಗಲವಾಗುವ ಕೊಳವೆಯಲ್ಲಿ ಈ ಜಾಗ ಸ್ವಲ್ಪ ಸರಿಯುತ್ತದೆ, ಸಿಮ್ಯುಲೇಷನ್ ಮಾಡಿ ನೋಡಿ. ಡ್ರೈವರಿನಿಂದ ಮುಚ್ಚಿದ ತುದಿಯವರೆಗಿನ ಭಾಗಕ್ಕೆ ಪಾಲಿಯೆಸ್ಟರ್ ಹತ್ತಿ ಸಡಿಲವಾಗಿ ತುಂಬಿ, ಬಾಯಿಯ ಕಡೆ ಖಾಲಿ ಬಿಡಿ. ಬಾಯಿಯವರೆಗೂ ತುಂಬಿದರೆ ಪೈಪ್ ಸತ್ತುಹೋಗುತ್ತದೆ. ತುಂಬದೇ ಬಿಟ್ಟರೆ 150–300 ಹರ್ಟ್ಸ್ ನಡುವೆ ಡ್ರಮ್ಮಿನೊಳಗೆ ಮಾತಾಡಿದ ಹಾಗೆ ಕೇಳುತ್ತದೆ.

ಬೇಸ್ ಆಳ ಹೆಚ್ಚುತ್ತದೆ, ನಿಜ. ಗಟ್ಟಿತನ ಅಷ್ಟು ಹೆಚ್ಚುವುದಿಲ್ಲ, ಮತ್ತು ಟ್ಯೂನಿಂಗಿನ ಕೆಳಗೆ ಕೋನಿಗೆ ಹಿಡಿತವೇ ಇರುವುದಿಲ್ಲ. ಇದು ರಿಫ್ಲೆಕ್ಸ್ ಪೆಟ್ಟಿಗೆಗೂ ಅನ್ವಯ.

ಏಕಕೋನ್:

ಆ ಕೊನೆಯ ಮಾತಿಗೆ ಒಂದು ಅಗ್ಗದ ಉಪಾಯ. ಆಂಪ್ಲಿಫೈಯರಿನ ಇನ್‌ಪುಟ್ಟಿಗೆ ಸರಣಿಯಾಗಿ ಒಂದು ಸಣ್ಣ ಫಿಲ್ಮ್ ಕೆಪಾಸಿಟರ್ ಹಾಕಿ. ಇನ್‌ಪುಟ್ ಇಂಪೀಡೆನ್ಸ್ 47 ಕಿಲೋಓಮ್ ಆದರೆ 0.047 ಮೈಕ್ರೋಫ್ಯಾರಡ್, 10 ಕಿಲೋಓಮ್ ಆದರೆ 0.22. ಎರಡಕ್ಕೂ 72 ಹರ್ಟ್ಸ್‌ನಿಂದ ಆಕ್ಟೇವ್‌ಗೆ 6 ಡಿಬಿಯಂತೆ ಇಳಿಯುತ್ತದೆ. 30–40 ಹರ್ಟ್ಸ್‌ಗೆ ಕೋನ್ ಸುಮ್ಮನೆ ಹೊಯ್ದಾಡುವುದು ಕಡಿಮೆಯಾದ ಕೂಡಲೇ ಧ್ವನಿ ಬಿಚ್ಚಿಕೊಳ್ಳುತ್ತದೆ. ಒಂದೇ ಕೋನ್ ಬೇಸನ್ನೂ ಟ್ರೆಬಲನ್ನೂ ಹೊತ್ತಿರುವುದರಿಂದ ಕೆಳಗಿನ ಓಡಾಟ ಮೇಲಿನದ್ದನ್ನು ಕದಡುತ್ತದೆ. ಆರ್ಕೆಸ್ಟ್ರಾ ಕಲಸುಮೇಲೋಗರ ಆಗುವುದು ಹೀಗೆ. ಈ ವಿಷಯದಲ್ಲಿ ನಾನೂ ಒಂದು ಬಿಡಿಭಾಗ ಒಪ್ಪುತ್ತೇನೆ, ತಂತಿಬೆಸುಗೆಯವರು ನಗಬಾರದು.

ತಂತಿಬೆಸುಗೆ:

ನಗುತ್ತಿಲ್ಲ :) ಅದೇ ದಾರಿಯಲ್ಲಿ ಇನ್ನೊಂದು ಹೆಜ್ಜೆ: 200 ಹರ್ಟ್ಸ್ ಕೆಳಗೆ ಪ್ರತ್ಯೇಕ ಆಂಪ್ಲಿಫೈಯರಿನಿಂದ ಒಂದೊಂದು ವೂಫರ್. ಧ್ವನಿಯ ಮುಖ್ಯ ಭಾಗ ಆಗಲೂ ಒಂದೇ ಕೋನಿನಿಂದ ಬರುತ್ತದೆ, ಬ್ಯಾಫಲ್ ಸ್ಟೆಪ್ ನಷ್ಟವನ್ನೂ ಬಹುಪಾಲು ವೂಫರಿನ ಮಟ್ಟದಲ್ಲೇ ತುಂಬಬಹುದು. ಶುದ್ಧ ಸಿಂಗಲ್ ಡ್ರೈವರ್ ಅಲ್ಲ, ಆದರೆ ಆರ್ಕೆಸ್ಟ್ರಾ ಬೇಕೆಂದವರಿಗೆ ಇದಕ್ಕಿಂತ ಒಳ್ಳೆಯ ರಾಜಿ ಇಲ್ಲ. ಈಗಲೇ ಬೇಡ, ಮುಂದೆ ಸೇರಿಸಬಹುದು.

3 ಕಿಲೋಹರ್ಟ್ಸ್ ಹತ್ತಿರ ಉಬ್ಬು ಉಳಿದರೆ 0.33 ಮಿಲಿಹೆನ್ರಿ, 8.2 ಮೈಕ್ರೋಫ್ಯಾರಡ್, 5 ಓಮ್ ಮೂರನ್ನೂ ಪರಸ್ಪರ ಸಮಾಂತರವಾಗಿ ಜೋಡಿಸಿ, ಆ ಗುಂಪನ್ನು ಡ್ರೈವರಿಗೆ ಸರಣಿಯಾಗಿ ಹಾಕಿ. ಸುಮಾರು 4 ಡಿಬಿ ತಗ್ಗುತ್ತದೆ. ಆದರೆ ಮೈಕಿನಿಂದ ಅಳೆದು ಉಬ್ಬು ಎಲ್ಲಿದೆ ಅಂತ ತಿಳಿದ ಮೇಲೆ ಮಾತ್ರ, ಊಹೆಯ ಮೇಲೆ ಬೇಡ.

ಮರದಪೆಟ್ಟಿಗೆ:

ಎಲ್ಲ ಲೆಕ್ಕ ಆಯಿತು, ಮರದ ಕೆಲಸ ಯಾರೂ ಹೇಳಲಿಲ್ಲ. ಸಣ್ಣ ಡ್ರೈವರುಗಳು ಹಾಳಾಗುವುದು ಇಲ್ಲೇ.

18 ಮಿ.ಮೀ. ಬರ್ಚ್ ಪ್ಲೈವುಡ್ ಅಥವಾ ಎಂಡಿಎಫ್. 4 ಇಂಚಿನ ಡ್ರೈವರಿಗೆ 18 ಮಿ.ಮೀ. ಹಲಗೆಯಲ್ಲಿ ತೂತು ಕೊರೆದರೆ ಅದು ತೂತಲ್ಲ, ಸುರಂಗ. ಕೋನಿನ ಬೆನ್ನಿಗೂ ಹಲಗೆಯ ಅಂಚಿಗೂ ನಡುವೆ ಗಾಳಿ ಆಡಲು ಜಾಗವಿಲ್ಲದೆ ಮಧ್ಯದ ಶ್ರುತಿ ಉಸಿರುಗಟ್ಟಿದಂತಾಗುತ್ತದೆ. ತೂತಿನ ಒಳ ಅಂಚನ್ನು ರೂಟರಿನಿಂದ 45 ಡಿಗ್ರಿಗೆ ಸವರಿ, ಸ್ಕ್ರೂ ಬರುವ ಜಾಗಗಳಲ್ಲಿ ಮಾತ್ರ ಮರ ಉಳಿಸಿ. ಹೊರಗಡೆ ಫ್ರೇಮ್ ಹಲಗೆಯ ಮಟ್ಟಕ್ಕೆ ಕೂರುವಂತೆ ತೋಡು ಕೊರೆಯಿರಿ. ಡ್ರೈವರನ್ನು ಹಲಗೆಯ ನಟ್ಟನಡುವೆ ಇಡಬೇಡಿ. ಎಲ್ಲ ಅಂಚುಗಳೂ ಸಮದೂರವಾದರೆ ಅಂಚಿನ ತೊಂದರೆಗಳೆಲ್ಲ ಒಂದೇ ಶ್ರುತಿಯಲ್ಲಿ ಕೂಡಿಕೊಳ್ಳುತ್ತವೆ. ಎರಡು ಮೂರು ಸೆಂ.ಮೀ. ಪಕ್ಕಕ್ಕಿರಲಿ, ಎಡ ಬಲ ಕನ್ನಡಿಯಂತೆ.

ತೆಳು ಕೋನ್ ಜರಡಿಯ ಹಾಗೆ. ಹಿಂದಿನ ಹಲಗೆಗೆ ಬಡಿದು ವಾಪಸು ಬಂದ ಶಬ್ದ ಕೋನನ್ನು ತೂರಿ ಹೊರಗೆ ಬರುತ್ತದೆ. ಡ್ರೈವರಿನ ನೇರ ಹಿಂದೆ 2 ಸೆಂ.ಮೀ. ಉಣ್ಣೆ ಫೆಲ್ಟ್ ಅಂಟಿಸಿ, ಪಕ್ಕಗಳಿಗೆ 1 ಸೆಂ.ಮೀ. ಸಾಕು. ರಿಫ್ಲೆಕ್ಸ್ ಪೆಟ್ಟಿಗೆಯಲ್ಲಿ ಪೈಪಿನ ಒಳಬಾಯಿಯ ಸುತ್ತ ನಾಲ್ಕು ಸೆಂ.ಮೀ. ಖಾಲಿ ಇರಲಿ. ಗಾತ್ರ ಲೆಕ್ಕ ಹಾಕುವಾಗ ಡ್ರೈವರ್, ಪೈಪ್, ಒಳಗಿನ ಅಡ್ಡಪಟ್ಟಿ ತಿನ್ನುವ ಜಾಗ ಕೂಡಿಸಿಕೊಳ್ಳಿ. 8 ಲೀಟರ್ ಬೇಕಿದ್ದರೆ 8.7 ಲೀಟರ್ ಕಟ್ಟಬೇಕಾಗುತ್ತದೆ.

ಟ್ಯೂನಿಂಗ್ ಸರಿಯಿದೆಯೇ ಎಂದು ಇಂಪೀಡೆನ್ಸ್ ಅಳೆದು ನೋಡಿ: ಎರಡು ಶಿಖರಗಳ ನಡುವಿನ ತಗ್ಗು ಎಲ್ಲಿದೆಯೋ ಅದೇ ಪೆಟ್ಟಿಗೆಯ ಶ್ರುತಿ. ಹೊಸ ಡ್ರೈವರನ್ನು ಮೊದಲು 50ರಿಂದ 100 ಗಂಟೆ ಸಣ್ಣ ಧ್ವನಿಯಲ್ಲಿ ಓಡಿಸಿ ಆಮೇಲೆ ಅಳೆಯಿರಿ. ಸಸ್ಪೆನ್ಷನ್ ಸಡಿಲಾದಂತೆ ಎಫ್‌ಎಸ್ ಕೆಳಗೆ ಬರುತ್ತದೆ. ಮೊದಲ ದಿನವೇ ಪೈಪ್ ಕತ್ತರಿಸಿ ಕೂತರೆ ಎರಡು ಸಲ ಕೆಲಸ.

ಸ್ಕ್ರೂ ಬಿಗಿಯುವಾಗ ಒಂದು ಕೈಯನ್ನು ಕೋನಿನ ಮೇಲೆ ಅಡ್ಡ ಹಿಡಿದಿರಿ, ಇಲ್ಲವೇ ದಪ್ಪ ರಟ್ಟು ಮುಚ್ಚಿ. ಅಯಸ್ಕಾಂತ ಬಲವಾಗಿರುವುದರಿಂದ ಸ್ಕ್ರೂಡ್ರೈವರ್ ಸ್ವಲ್ಪ ಜಾರಿದರೂ ಸೀದಾ ಕೋನಿನ ನಡುವಿಗೆ ಎಗರುತ್ತದೆ. ವಿದ್ಯುತ್ ಡ್ರಿಲ್ ಅಂತೂ ಬೇಡವೇ ಬೇಡ. ಪೈಲಟ್ ತೂತು ಮೊದಲೇ ಕೊರೆದು, ಮರದ ಪುಡಿ ಪೂರ್ತಿ ಗುಡಿಸಿದ ಮೇಲೆಯೇ ಡ್ರೈವರನ್ನು ಡಬ್ಬದಿಂದ ಹೊರಗೆ ತೆಗೆಯಿರಿ.

ಸುಮ್ನೆಕೇಳ್ತೀನಿ:

ತೀರ್ಮಾನ ಆಯಿತು: 4 ಇಂಚು, ಕ್ಲಾಸ್ ಡಿ, 8 ಲೀಟರ್ ರಿಫ್ಲೆಕ್ಸ್, 20 ಸೆಂ.ಮೀ. ಹಲಗೆ, 4.7 ಓಮ್ ಮತ್ತು 1 ಮಿಲಿಹೆನ್ರಿ. ಕೊನೆಯ ಪ್ರಶ್ನೆ: ಈ ಸರ್ಕ್ಯೂಟ್ ಪೆಟ್ಟಿಗೆಯ ಒಳಗಿರಲೋ ಹೊರಗಿರಲೋ?

ತಂತಿಬೆಸುಗೆ:

ಮೊದಲ ತಿಂಗಳು ಹೊರಗಿರಲಿ, ಟರ್ಮಿನಲ್ ಹತ್ತಿರ ಸಣ್ಣ ಹಲಗೆಯ ಮೇಲೆ. 3.3, 3.9, 4.7 ಓಮ್ ಮೂರೂ ತಂದಿಟ್ಟುಕೊಂಡು ಬದಲಿಸಿ ಕೇಳಿ. ನಿಮ್ಮ ಕೋಣೆಗೆ 3.9ಕ್ಕೆ ನಿಲ್ಲಬಹುದು ಅಂತ ನನ್ನ ಅಂದಾಜು. ಒಳಗೆ ಹಾಕುವಾಗ ಕಾಯಿಲನ್ನು ಡ್ರೈವರಿನ ಅಯಸ್ಕಾಂತದಿಂದ 10 ಸೆಂ.ಮೀ. ಆದರೂ ದೂರವಿಡಿ, ರೆಸಿಸ್ಟರ್ ಬಿಸಿಯಾಗುವುದರಿಂದ ಫೆಲ್ಟಿಗೆ ತಾಗಿಸಬೇಡಿ.